ಮಣ್ಣು ಹಿಂದಿರುಗಿಸಿದ ಕಪ್ಪು ನೀರು

ಕಟ್ಟೆಗಳ ಸುರಕ್ಷತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಚರ್ಚಿನ ಕೆಂಪು ಬಾಗಿಲಿಗೆ ನಿಮ್ಮವರು ಅಂಟಿಸಿಹೋದ ಪ್ರಕಟಣೆಯನ್ನು ಓದಿದೆ. ಕಲ್ಲಿದ್ದಲು ತೊಳೆದ ಕೆಸರನ್ನು ತುಂಬಿಟ್ಟಿರುವ ಗುಡ್ಡದ ಮೇಲಿನ ಕೆರೆ ಒಡೆದರೆ, ನಮ್ಮೂರು ಟ್ಯಾನರ್ಸ್ ಫೋರ್ಕಿನ ಜನರೆಲ್ಲ ಈ ಚರ್ಚಿನ ನೆಲಮಾಳಿಗೆಯಲ್ಲಿ ಸೇರಬೇಕಂತೆ. ‘ನೂರು ವರ್ಷಗಳಿಂದ ಊರಿಗೆ ಆಶ್ರಯವಿತ್ತ ಸ್ಥಳ’ ಎಂದು ಹೊಗಳಿದ್ದೀರಿ. ಧನ್ಯವಾದ. ಆದರೆ ಆ ನೆಲಮಾಳಿಗೆಯೊಳಗೆ ಈಗಲೇ ನೀರು ಮೇಲೇಳುತ್ತಿದೆ. ಜನರನ್ನು ಅಲ್ಲಿಗೇ ಇಳಿಸುತ್ತೀರಾ?

ನೀವು ಹೊಗಳಿದ ಚರಿತ್ರೆಯನ್ನು ನಾನೂ ಸ್ವಲ್ಪ ಬಲ್ಲೆ. ಸಂತ ಬಾರ್ನಬನ ಹೆಸರಿನ ಈ ಎಪಿಸ್ಕೋಪಲ್ ಪಂಥದ ಚರ್ಚನ್ನು ಗಣಿಯ ಮಾಲೀಕರು ತಮಗಾಗಿ ಕಟ್ಟಿಸಿಕೊಂಡರು. ಗಣಿ ಕೆಲಸದವರು ಹಿಂದಿನ ಬೆಂಚಿನವರೆಗೂ ಬರುತ್ತಿರಲಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಗಣಿ ಸ್ಫೋಟಿಸಿದಾಗ ಅಂದಿನ ಪಾದ್ರಿ ಬಾಗಿಲು ತೆರೆದು, ಶವಗಳನ್ನು ಮಾಲೀಕರ ಬೆಂಚುಗಳ ಮೇಲೆಯೇ ಮಲಗಿಸಿದರು. ಕೆಳಗೆ ವಿಧವೆಯರಿಗೆ ಸೂಪು ಕಾಯಿಸಿದರು. ಅಂದು ಹೊತ್ತಿದ ಒಲೆ ಇನ್ನೂ ಆರಿಲ್ಲ. ಬುಧವಾರದ ಊಟ, ಮಕ್ಕಳಿಗೆ ಚಳಿಗಾಲದ ಕೋಟು, ಕೆಮ್ಮುವ ಗಂಡಸರಿಗೆ ವೈದ್ಯರು, ಎಲ್ಲವೂ ಆ ನೆಲಮಾಳಿಗೆಯಲ್ಲೇ. ನೀನು ಯಾವ ಚರ್ಚಿನವನು ಎಂದು ಅಲ್ಲಿ ಯಾರೂ ಕೇಳಿಲ್ಲ.

ಅದರ ಮೂಲೆಯಲ್ಲೊಂದು ಪುಟ್ಟ ತೊಟ್ಟಿಯಿದೆ. ಪ್ರಭುಭೋಜನದ ಬಟ್ಟೆಗಳನ್ನು ತೊಳೆದ ಮೊದಲ ನೀರನ್ನು ನಾವು ಅಲ್ಲಿಗೆ ಸುರಿಯುತ್ತೇವೆ. ಬಟ್ಟೆಗೆ ಅಂಟಿದ ಪವಿತ್ರ ದ್ರಾಕ್ಷಾರಸ ಚರಂಡಿಗೆ ಸೇರಬಾರದೆಂದು ಅದರ ಕೊಳವೆಯನ್ನು ನೇರವಾಗಿ ಮಣ್ಣಿಗೇ ಬಿಟ್ಟಿದ್ದಾರೆ. ನನ್ನ ಗಂಡ ಹೋಬರ್ಟ್ ನಿಮ್ಮ ಆ ಕಟ್ಟೆಯ ಮೇಲೆ ಬುಲ್ಡೋಜರ್ ಓಡಿಸಿದವನು. “ಕಟ್ಟೆ ಬೆವರ್ತಾ ಇದೆ ಕಣೇ” ಎಂದು ಕೊನೆಯವರೆಗೂ ಹೇಳುತ್ತಿದ್ದ. ಕಳೆದ ಶರತ್ಕಾಲದಲ್ಲಿ ಅವನ ಅಂತ್ಯಕ್ರಿಯೆಯ ಪ್ರಭುಭೋಜನ ಮುಗಿದ ಮೇಲೆ ಆ ಬಟ್ಟೆಗಳನ್ನು ತೊಳೆದು ತೊಟ್ಟಿಗೆ ನೀರು ಸುರಿದೆ. ಇಷ್ಟು ಕಾಲ ಕುಡಿಯುತ್ತಿದ್ದ ಮಣ್ಣು ಅಂದು ಕುಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ತೊಟ್ಟಿಯ ತಳದಿಂದ ಕಪ್ಪು ನೀರು ಉಕ್ಕಿತು.

ಈ ಚಳಿಗಾಲದಲ್ಲಿ ನಿಮ್ಮ ಕಚೇರಿಯಿಂದ ಬಂದ ಯುವಕ ತೊಟ್ಟಿಯೊಳಗೆ ಬಗ್ಗಿ ನೋಡಿ, “ಹಳೇ ಪೈಪು ಮೇಡಂ, ಕಸ ಕಟ್ಕೊಂಡಿದೆ” ಎಂದ.

ನನ್ನ ಜೊತೆಯಲ್ಲಿ ಬಟ್ಟೆ ಹಿಂಡುತ್ತಿದ್ದ ಗೆಳತಿ ವೆಲ್ಮಾ ಬಿಡಲಿಲ್ಲ. “ಕಸ ಕಟ್ಟಿದ್ರೆ ನೀರು ನಿಲ್ಲುತ್ತೆ ತಮ್ಮಾ, ಬಣ್ಣ ಹಾಕ್ಕೊಂಡು ವಾಪಸ್ ಬರಲ್ಲ.”

“ನಾನು ಕಟ್ಟೆ ನೋಡೋಕೆ ಬಂದೋನು, ಸಿಂಕ್ ನೋಡೋಕಲ್ಲ.”

“ಹಾಗಾದ್ರೆ ಕೂತ್ಕೋ, ಸೂಪು ಕುಡಿ. ಕಟ್ಟೆ ತಾನಾಗೇ ಇಲ್ಲಿಗೆ ಬರುತ್ತೆ, ಇಲ್ಲೇ ನೋಡ್ಕೊಳ್ಳುವೆಯಂತೆ.”

ಹುಡುಗ ನಕ್ಕ. ಎರಡು ಬಟ್ಟಲು ಸೂಪು ಕುಡಿದ. ಮರುವಾರ ನಿಮ್ಮ ಪ್ರಕಟಣೆ ಬಂತು.

ಈಗ ನಾವು ಒಲೆಯನ್ನು ಮೇಲಕ್ಕೆ ಸಾಗಿಸಿದ್ದೇವೆ. ಬೆಂಚುಗಳ ನಡುವೆಯೇ ಊಟ ಬಡಿಸುತ್ತೇವೆ. ಗುಡ್ಡದ ಮೇಲೆ ಹಿಮ ದಪ್ಪವಾಗಿ ಕೂತಿದೆ; ಅದೂ ಕರಗಿ ಆ ಕೆರೆಗೇ ಇಳಿಯಬೇಕು. ಹಿಮ ಕರಗುವ ಮುನ್ನ ಕೆರೆಯ ಮಟ್ಟ ತಗ್ಗಿಸಿ. ನೆಲಮಾಳಿಗೆಗೆ ಓಡಿರೆಂಬ ಆಜ್ಞೆಯನ್ನು ಇಂದೇ ಹಿಂತೆಗೆದುಕೊಳ್ಳಿ, ಬದಲಿಗೆ ಎತ್ತರದಲ್ಲಿರುವ ಸ್ಮಶಾನದ ದಾರಿಯನ್ನು ಜನರಿಗೆ ತೋರಿಸಿ. ಬಟ್ಟೆ ತೊಳೆದ ನೀರನ್ನು ನಾನೀಗ ಅಲ್ಲೇ, ಹೋಬರ್ಟನ ಸಮಾಧಿಯ ಪಕ್ಕದಲ್ಲಿ ಸುರಿಯುತ್ತಿದ್ದೇನೆ. ಅಲ್ಲಿಯ ಮಣ್ಣು ಇನ್ನೂ ಕುಡಿಯುತ್ತಿದೆ.

ಕಳೆದ ಭಾನುವಾರ ಮಾತ್ರ ಬಹಳ ನಿಧಾನವಾಗಿ ಕುಡಿಯಿತು.

ಇಂತಿ,
ನಿಮ್ಮ ಕೆರೆಯ ಕೆಳಗೆ ಮಲಗಿ ಏಳುವ
ಆರ್ಡಿತ್ ಪ್ರೂಯೆಟ್