ಪರಿವೀಕ್ಷಕರು ಊಟ ಮಾಡಿದರು, ನಮ್ಮ ಚದುರಂಗ ನಿಂತಿತು

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ಜ್ವರೇತಿ ಹಳ್ಳಿಯ ಹೆಂಗಸರು ಎದುರುಬದುರು ಕೂತು ಚದುರಂಗ ಆಡಕೂಡದು ಎಂದು ನೀವು ಎರಡನೇ ಸಲ ಆದೇಶ ಹೊರಡಿಸಿದ್ದೀರಿ. ಮೊದಲನೇ ಸಲ ನಾನು ಬಾಯಿ ಮುಚ್ಚಿಕೊಂಡಿದ್ದೆ. ಆಗ ಊರಿನಲ್ಲಿ ಸಾಂಕ್ರಾಮಿಕ ರೋಗದಿಂದ ಸಾವುಗಳಾಗುತ್ತಿದ್ದವು, ನೀವು ಹೇಳಿದ್ದು ಸರಿಯಾಗಿತ್ತು. ಈ ಸಲ ಮುಚ್ಚಿಕೊಳ್ಳುವುದಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿ ತನಕ ಓದಿದವಳು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ಬೈಗುಳ ತಿದ್ದಬೇಡಿ ಎಂದು ಪತ್ರಿಕೆಯವರಿಗೆ ಹೇಳಿಯೇ ಕಳಿಸುತ್ತಿದ್ದೇನೆ.

ಪೇಟೆಯಲ್ಲಿ ಮದುವೆ ಊಟಗಳಿಗೆ ನೀವೇ ಅನುಮತಿ ಕೊಟ್ಟಿದ್ದೀರಿ. ಸಂತೋಷ. ಜಾರ್ಜಿಯಾದ ಮದುವೆ ಊಟ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕೆ? ಒಬ್ಬ ಎದ್ದು ನಿಂತು ದೇಶಕ್ಕೆ, ತಾಯಂದಿರಿಗೆ, ಸತ್ತವರಿಗೆ, ಇನ್ನೂ ಹುಟ್ಟದವರಿಗೆ ಎಂದು ಶುಭ ಕೋರಿ ಗ್ಲಾಸು ಎತ್ತುತ್ತಾನೆ. ಉಳಿದವರು ಗಂಟಲು ಹರಿಯುವ ಹಾಗೆ ಹಾಡುತ್ತಾರೆ, ಕಂಡವರ ಕೆನ್ನೆಗೆಲ್ಲ ಮುತ್ತಿಡುತ್ತಾರೆ. ಚದುರಂಗದಲ್ಲಿ ಏನಾಗುತ್ತದೆ? ಇಬ್ಬರು ಮುದುಕಿಯರು ಮಾತಿಲ್ಲದೆ ಕೂರುತ್ತಾರೆ. ಕೆಮ್ಮಿದರೆ ಅಕ್ಕಪಕ್ಕದವರು ಗುರಾಯಿಸುತ್ತಾರೆ, ಅದೂ ರೋಗ ಬರುವುದಕ್ಕೆ ಮೊದಲಿನಿಂದಲೂ. ನಾನೇ ಆ ವೈರಾಣುವಾಗಿದ್ದರೆ ಎಲ್ಲಿಗೆ ಹೋಗುತ್ತಿದ್ದೆ ಹೇಳಿ? ಖಂಡಿತ ಮದುವೆಗೆ. ಅಲ್ಲಿ ಊಟವೂ ಒಳ್ಳೆಯದಿರುತ್ತದೆ.

ಫೋನಿನಲ್ಲಿ ಆಡಿಕೊಳ್ಳಿ ಎಂದು ನಿಮ್ಮ ಕಚೇರಿಯವರು ಉಪದೇಶ ಮಾಡಿದರು. ಆಡಿ ನೋಡಿದೆವು. ನನ್ನ ಪಕ್ಕದ ಮನೆಯ ಲಮಾರಾಳ ಬೆರಳು ಜಾರಿ ಅವಳ ರಾಣಿ ನೇರ ಹೋಗಿ ಕಾಲಾಳಿನ ಬಾಯಿಗೆ ಬಿತ್ತು. "ಇದಕ್ಕೆ ಎಷ್ಟು ಬೈದ್ರೂ ತಿರುಗಿ ಬೈಯಲ್ಲ ಕಣೇ, ಇದರ ಜೊತೆ ಏನು ಆಡೋದು?" ಎಂದು ಫೋನನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟುಬಿಟ್ಟಳು.

ಈ ಲಮಾರಾಳ ವಿಷಯ ನಿಮಗೆ ಗೊತ್ತಿರಬೇಕು, ಏಕೆಂದರೆ ನಾನು ಬರೆಯುತ್ತಿರುವುದೇ ಅವಳಿಗಾಗಿ. ಚಳಿಗಾಲದಲ್ಲಿ ಅವಳ ಗಂಡ ಗೆರೊಂತಿ ಇದೇ ರೋಗದಲ್ಲಿ ಹೋದ. ಹೆಣ ಹೊರುವುದಕ್ಕೂ ಜನ ಸೇರುವ ಹಾಗಿರಲಿಲ್ಲ. ಅವತ್ತಿನಿಂದ ಲಮಾರಾ ಗೇಟು ದಾಟಿರಲಿಲ್ಲ. ಕೋಳಿಗೆ ಕಾಳು ಹಾಕುವುದು, ಒಳಗೆ ಹೋಗುವುದು, ಅಷ್ಟೇ. ಕರೆದರೆ ಹೂಂ ಎನ್ನುವಳು, ಬರಳು. ಒಂದು ಕಾಲಕ್ಕೆ ನಮ್ಮ ಹಳ್ಳಿಯ ಚದುರಂಗ ತಂಡದಲ್ಲಿ, ಎಲ್ಲರಿಗಿಂತ ಚೆನ್ನಾಗಿ ಆಡುವವಳು ಕೂರುವ ಮೊದಲ ಮಣೆಗೆ ಕೂರುತ್ತಿದ್ದವಳು ಅವಳು. ಎರಡನೇ ಮಣೆ ನನ್ನದು, ಅನ್ಯಾಯವಾಗಿ.

ಹೊಸ, ಔಷಧಿ ಹಾಕಿ ಒರೆಸಿದ ಮಣೆಗಳಿಲ್ಲದೆ ಪಂದ್ಯ ನಡೆಸಕೂಡದು ಎಂಬುದು ನಿಮ್ಮ ನಿಯಮ. ಓದಿ ನಗು ಬಂತು. ಸ್ವಾಮಿ, ನಮ್ಮಲ್ಲಿ ಹೆಣ್ಣುಮಗಳು ಗಂಡನ ಮನೆಗೆ ಹೊರಟರೆ ಹಾಸಿಗೆ, ತಾಮ್ರದ ಹಂಡೆಯ ಜೊತೆ ಚದುರಂಗದ ಮಣೆಯೂ ಹೋಗುತ್ತದೆ. ನಮ್ಮಲ್ಲಿ ಪ್ರತಿಯೊಬ್ಬಳಿಗೂ ಅವಳದೇ ಮಣೆ, ಅವಳದೇ ಕಾಯಿಗಳಿವೆ. ಹಾಗಿದ್ದ ಮೇಲೆ ಒಬ್ಬಳ ಕಾಯಿ ಇನ್ನೊಬ್ಬಳು ಯಾಕೆ ಮುಟ್ಟಬೇಕು? ದೂರ ದೂರ ಎರಡು ಮೇಜು, ಎರಡು ಮಣೆ. ನಾನು ನನ್ನ ನಡೆಯನ್ನು ಕೂಗಿ ಹೇಳುತ್ತೇನೆ, ಅವಳು ತನ್ನ ಮಣೆಯ ಮೇಲೆ ನನ್ನ ಕಾಯಿಯನ್ನು ನಡೆಸುತ್ತಾಳೆ. ಅವಳ ನಡೆಯನ್ನು ನಾನು ನಡೆಸುತ್ತೇನೆ. ಮೇಲೆ ಆಕಾಶ, ಬಾಯಿಗೆ ಮಾಸ್ಕು, ತೋಳಿಗೆ ಎರಡೂ ಸೂಜಿ ಚುಚ್ಚಿಸಿಕೊಂಡಾಗಿದೆ. ಇನ್ನೇನು ಬೇಕು?

ಇದನ್ನು ಬೇಲಿಯ ಮೇಲಿಂದ ಲಮಾರಾಳಿಗೆ ಹೇಳಿದೆ.

"ಲೇ ಲಮಾರಾ, ನಿನ್ನ ಮದುವೆ ಮಣೆ ಎಲ್ಲಿಟ್ಟಿದ್ದೀಯೇ?"

"ಯಾಕೆ, ಒಲೆಗೆ ಸೌದೆ ಸಾಲ್ದೆ ಬಂತಾ?"

"ಆಡಕ್ಕೆ ಕಣೇ. ನಿನ್ನ ಸೋಲಿಸ್ದೆ ಕೈ ಕಡೀತಾ ಇದೆ."

"ನೀನು? ನನ್ನನ್ನ?" ಎಂದಳು. ಎಂದು ನಕ್ಕಳು. ಚಳಿಗಾಲದಿಂದೀಚೆಗೆ ನಾನು ಆ ನಗು ಕೇಳಿರಲಿಲ್ಲ.

ನಿಮಗೆ ಅರ್ಜಿ ಹಾಕಿದೆವು. ಪರೀಕ್ಷೆಗೆ ಒಂದು ದಿನ ಆಡಿ ತೋರಿಸಿ ಎಂದು ನೀವು ಪರಿವೀಕ್ಷಕರೊಬ್ಬರನ್ನು ಕಳಿಸಿದಿರಿ. ನಮ್ಮೂರಿನ ಜುಜುನಾಳ ಅಂಗಳದಲ್ಲಿ, ವಾಲ್‌ನಟ್ ಮರದ ಕೆಳಗೆ ಆಡಿದೆವು. ಲಮಾರಾ ಗೇಟು ದಾಟಿ, ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ನಿಮ್ಮ ಪರಿವೀಕ್ಷಕರು ಅಳತೆ ಪಟ್ಟಿ ಹಿಡಿದು ಮೇಜುಗಳ ನಡುವೆ ಅಳೆದರು, ತಲೆಯಾಡಿಸಿದರು. ಒಬ್ಬಳೂ ಮಾಸ್ಕು ಸರಿಸಲಿಲ್ಲ. ಲಮಾರಾ ನನ್ನ ಆನೆಯನ್ನು ನುಂಗಿ, ರಾಜನನ್ನು ಮೂಲೆಗೆ ತಳ್ಳಿ, "ಏನೇ ಮಕ್ವಲಾ, ಕೈ ಕಡಿತ ನಿಂತಿತಾ?" ಎಂದು ಕೂಗಿದಳು. ಕೂಗಿದ್ದು ದೂರದಿಂದಲೇ, ನಿಯಮದ ಪ್ರಕಾರ.

ಅಲ್ಲಿಗೆ ಮುಗಿಸಿ ನಿಮ್ಮವರನ್ನು ಬಸ್ಸು ಹತ್ತಿಸಿದ್ದರೆ ನನಗೆ ಈ ಪತ್ರದ ಕೆಲಸ ಇರುತ್ತಿರಲಿಲ್ಲ. ಆದರೆ ಜುಜುನಾ ಆಗಲೇ ಒಳಗಿನಿಂದ ಬಿಸಿ ಚೀಸ್ ರೊಟ್ಟಿ ತಂದಿದ್ದಳು.

"ಬೇಡಮ್ಮ, ನಾನು ಡ್ಯೂಟಿ ಮೇಲಿದ್ದೀನಿ," ಎಂದರು ನಿಮ್ಮವರು.

"ಡ್ಯೂಟಿಗೆ ಹೊಟ್ಟೆ ಇರಲ್ವಾ ಮಗಾ? ಮನೆಗೆ ಬಂದೋರನ್ನ ಬರೀ ಹೊಟ್ಟೇಲಿ ಕಳ್ಸಿದ್ರೆ ನಾಳೆ ನಾನು ಊರಲ್ಲಿ ತಲೆಯೆತ್ಕೊಂಡು ಓಡಾಡ್ಬೇಕಾ ಬೇಡ್ವಾ?"

"ಸರಿ, ಒಂದೇ ತುಂಡು."

ಮಾಸ್ಕು ಇಳಿಯಿತು. ತುಂಡಿನ ಹಿಂದೆ ವೈನು ಬಂತು. ಗ್ಲಾಸು ಕೈಗೆ ಬಂದ ಮೇಲೆ ನಾಲ್ಕು ಮಾತಾಡದೆ ಕುಡಿಯುವುದು ನಮ್ಮಲ್ಲಿ ಹೇಗಾದೀತು? ಮೊದಲು ಶಾಂತಿಗೆ ಎಂದರು. ಆಮೇಲೆ ತಾಯಂದಿರಿಗೆ. ಆಮೇಲೆ ಲಮಾರಾಳ ಕಡೆ ತಿರುಗಿ ಗೆರೊಂತಿಗೆ ಎಂದರು, ಎಷ್ಟು ಚೆನ್ನಾಗಿ ಎಂದರೆ ನಾವೆಲ್ಲ ಕಣ್ಣೊರೆಸಿಕೊಂಡೆವು. "ಅಷ್ಟು ದೂರದಿಂದ ಗ್ಲಾಸ್ ಹೇಗೆ ತಾಗಿಸ್ತೀರಿ? ಹತ್ರ ಬನ್ನಿ, ಹತ್ರ ಬನ್ನಿ!" ಎಂದು ಅವರೇ ಎರಡೂ ಮೇಜು ಎಳೆದು ಜೋಡಿಸಿದರು. ಹಾಡಿದರು. ಕಂಠ ಚೆನ್ನಾಗಿದೆ, ಅದರಲ್ಲಿ ತಕರಾರಿಲ್ಲ. ಹೊರಡುವಾಗ ನಮ್ಮೆಲ್ಲರನ್ನೂ ಅಪ್ಪಿಕೊಂಡು ಕೆನ್ನೆಗೆ ಮುತ್ತಿಟ್ಟರು. ಮಾರನೇ ವಾರ ಯಾರಿಗೂ ರೋಗ ಬರಲಿಲ್ಲ. ಅದು ನಮ್ಮ ಅದೃಷ್ಟ, ಅದನ್ನು ಹಿಡಿದುಕೊಂಡು ನಾನು ವಾದ ಮಾಡುವುದಿಲ್ಲ.

ಆಮೇಲೆ ನಿಮ್ಮ ಆದೇಶ ಬಂತು. "ಚದುರಂಗ ಕೂಟದಲ್ಲಿ ಅಂತರ ಪಾಲನೆಯಾಗಿಲ್ಲ, ಮಾಸ್ಕು ತೆಗೆಯಲಾಗಿತ್ತು, ಆಲಿಂಗನ ಹಾಗೂ ಗಾಯನ ಕಂಡುಬಂದಿವೆ." ಗಾಯನ! ಮಾನ್ಯರೇ, ಕುದುರೆ ನಡೆಸುತ್ತ ಹಾಡುವವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ಅಪ್ಪಿಕೊಂಡವರು ಯಾರು, ಹಾಡಿದವರು ಯಾರು ಎಂದು ಅದರಲ್ಲಿ ಬರೆದಿಲ್ಲ. ಆ ಪರಿವೀಕ್ಷಕರ ಮೇಲೆ ನನಗೆ ಸಿಟ್ಟಿಲ್ಲ. ತಿನ್ನಿಸಿದ ತಪ್ಪು ನಮ್ಮದು, ತಿಂದ ತಪ್ಪು ಅವರದು. ಆದರೆ ಚದುರಂಗ ಮಾಡಿದ ತಪ್ಪೇನು? ಊಟ ಮಾಡಿದ ತಪ್ಪಿಗೆ ಆಟವನ್ನು ಯಾಕೆ ಜೈಲಿಗೆ ಹಾಕುತ್ತೀರಿ?

ಲಮಾರಾ ಈಗ ದಿನಾ ಬೆಳಿಗ್ಗೆ ಗೇಟಿನ ತನಕ ಬರುತ್ತಾಳೆ. "ಅನುಮತಿ ಕಾಗದ ಬಂತೇನೇ?" ಎನ್ನುತ್ತಾಳೆ. ಇಲ್ಲ ಎಂದರೆ ಅಲ್ಲಿಂದಲೇ ತಿರುಗುತ್ತಾಳೆ. ಇನ್ನೊಂದು ಚಳಿಗಾಲ ಬಂದರೆ ಅವಳು ಗೇಟಿನ ತನಕವೂ ಬರುವುದಿಲ್ಲವೆಂದು ನನಗೆ ಭಯ. ಅವಳ ಕೈಲಿ ಇನ್ನೊಂದು ಸಲ ಸೋಲಲಿಕ್ಕೂ ನಾನು ತಯಾರಿದ್ದೇನೆ. ಇದನ್ನು ಅವಳಿಗೆ ಹೇಳಬೇಡಿ.

ಆದ್ದರಿಂದ ನನ್ನ ಬೇಡಿಕೆ ಇದು. ದ್ರಾಕ್ಷಿ ಕೊಯ್ಲು ಮುಗಿದ ಭಾನುವಾರ, ಶಾಲೆಯ ಮೈದಾನದಲ್ಲಿ, ಸುತ್ತಲ ಹಳ್ಳಿಗಳ ಹೆಂಗಸರ ಪಂದ್ಯಕ್ಕೆ ಅನುಮತಿ ಕೊಡಿ. ಪ್ರತಿಯೊಬ್ಬಳೂ ತನ್ನ ಮಣೆ ತರುತ್ತಾಳೆ, ಆಡುತ್ತಾಳೆ, ಮನೆಗೆ ಹೋಗಿ ಉಣ್ಣುತ್ತಾಳೆ. ಪರಿವೀಕ್ಷಕರನ್ನೂ ಕಳಿಸಿ, ಅವರನ್ನೇ ಕಳಿಸಿ. ಬುತ್ತಿ ಕಟ್ಟಿಕೊಂಡು ಬರಲಿ, ದೂರದ ಬೆಂಚಿನಲ್ಲಿ ಒಬ್ಬರೇ ಕೂತು ತಿನ್ನಲಿ. ನಾವು ಒಂದು ಲೋಟ ನೀರನ್ನೂ ಕೊಡುವುದಿಲ್ಲ. ಜುಜುನಾ ಇದಕ್ಕೆ ಅಳುತ್ತಾ ಒಪ್ಪಿಕೊಂಡಿದ್ದಾಳೆ. ಜ್ವರೇತಿಯ ಹೆಂಗಸರು ಇದಕ್ಕಿಂತ ದೊಡ್ಡ ತ್ಯಾಗವನ್ನು ಯಾವ ಸರ್ಕಾರಕ್ಕೂ ಮಾಡಿಲ್ಲ.

ಇಂತಿ,
ಅತಿಥಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿರುವ
ಮಕ್ವಲಾ ಅಜ್ಜಿ, ಎರಡನೇ ಮಣೆ, ಜ್ವರೇತಿ