ಎರಡೂ ಎಡಗೈ ತೋಳು

ಸಲೋಮಿ,

ಮೆಹಕರಕ್ಕೆ ಹೊರಟಿದ್ದೇನೆ, ಶನಿವಾರ ಸಂಜೆ ಬರುತ್ತೇನೆ. ರೊಟ್ಟಿ ಬುಟ್ಟಿಯಲ್ಲಿವೆ, ಪಲ್ಯ ಬಿಸಿ ಮಾಡಿಕೊ.

ನಿನ್ನೆ "ಆಯಿ, ತೋಳು ಎರಡೂ ಎಡಗೈದೇ ಆಗ್ಯಾವರಿ. ಈ ಫ್ರಾಕ ನೀರೊಲಿಗೆ ಹಾಕ್ರಿ, ರವಿವಾರ ಚರ್ಚಿನಾಗ ಹಾಡ್ಲಾಕ ನಾ ಬರಂಗಿಲ್ಲ" ಎಂದು ಅಳುತ್ತಿದ್ದೆಯಲ್ಲ. ಒಲೆಗೆ ಹಾಕಿಲ್ಲ, ಟ್ರಂಕಿನ ಮೇಲಿದೆ. ಬಟ್ಟೆ ಮಡಚದೆ ಒಂದೊಂದೇ ತೋಳು ಕತ್ತರಿಸಿದರೆ ಹಾಗೇ ಆಗುತ್ತದೆ. ಮದುವೆಗೆ ಮುಂಚೆ ನನ್ನ ಕುಬಸಕ್ಕೂ ಆಗಿತ್ತು.

ಮೊಬೈಲಿನಲ್ಲಿ ಚಿತ್ರ ನೋಡಿ ಹೊಲಿಯುವಾಗ ನೀನು ಇದು ಹಳ್ಳಿ ಹುಡುಗಿಯ ಫ್ರಾಕು ಅಂದೆ. ಇಷ್ಟು ಉಬ್ಬಿದ ತೋಳು ಹಾಕಿಕೊಂಡು ಮೆಹಕರದಲ್ಲಿ ತೊಗರಿ ಕೊಯ್ದವರನ್ನು ನಾನು ಕಂಡಿಲ್ಲ. ಇರಲಿ, ಚಂದ ಇದೆ.

ಅಂಗಡಿಯಲ್ಲಿ ಫ್ರಾಕಿನ ಆ ಹೂವಿನ ಬಟ್ಟೆ ಮುಗಿದಿದೆಯಂತೆ. ಉಳಿದ ತುಂಡಿನಲ್ಲಿ ನೀನು ನನಗೆ ಹೊಲಿದುಕೊಟ್ಟ ದಿಂಬಿನ ಗವಸನ್ನು ಬಿಚ್ಚಿ, ಒಗೆದು, ಇಸ್ತ್ರಿ ಮಾಡಿಟ್ಟಿದ್ದೇನೆ. ಒಂದು ತೋಳಿಗೆ ಸಾಕು. ಈಗಿರುವ ಒಂದು ತೋಳನ್ನು ಅದರ ಮೇಲೆ ಹೂವಿಗೆ ಹೂವು ತಾಗುವಂತೆ ಮಗುಚಿಟ್ಟು ಕತ್ತರಿಸು, ಬಲಗೈಯದು ಬರುತ್ತದೆ. ನೆರಿಗೆಗೆ ದಾರ ಬಿಗಿಯಾಗಿ ಎಳೆಯಬೇಡ, ಹರಿಯುತ್ತದೆ.

ನನ್ನ ತಲೆಗೆ ಹಳೆ ಗವಸೇ ಆಗುತ್ತದೆ, ಅದಕ್ಕೆ ಮುಖ ಸಣ್ಣ ಮಾಡಬೇಡ.

ನಾನೇ ಕತ್ತರಿಸಿ ಹೋಗಬಹುದಿತ್ತು. ಕತ್ತರಿ ಹಚ್ಚಲಿಲ್ಲ. ಫ್ರಾಕು ನಿನ್ನದು.

ಆಯಿ