ಕೆಟ್ಟದ್ದು ನನ್ನೆದೆ, ವಂಶವಲ್ಲ

ಮಾನ್ಯ ಆರೋಗ್ಯ ಪ್ರಚಾರಾಧಿಕಾರಿಗಳೇ,

ನೀವು ಆಡಿದ ಒಂದು ಮಾತಿನಿಂದ ನನ್ನ ಮಗಳ ಮದುವೆ ನಿಂತಿದೆ. ಕಳೆದ ತಿಂಗಳು ಕುರುಗೋಡಿನಲ್ಲಿ ಜೀಪು ನಿಲ್ಲಿಸಿ, "ಶ್ವಾಸಕೋಶದ ಕ್ಯಾನ್ಸರ್ ಬರುವುದು ವಂಶವಾಹಿ ಕೆಟ್ಟು" ಎಂದು ಮೈಕಿನಲ್ಲಿ ಸಾರಿದಿರಿ. ಹೊಸ ವಿಜ್ಞಾನ, ಗಂಭೀರ ಪದ, ಚಪ್ಪಾಳೆಯೂ ಬಿತ್ತು. ವಂಶವಾಹಿ ಎಂದರೇನೆಂದು ಹೇಳದೆ ಹೊರಟುಹೋದಿರಿ. ಪದದ ತಲೆಯ ಮೇಲೇ ವಂಶ ಕುಳಿತಿರುವಾಗ ಜನ ಇನ್ನೇನು ತಿಳಿಯಬೇಕಿತ್ತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಮೈಕಿನಲ್ಲಿ ಆಡಿದರೆ ಮನೆಯೇ ಹೋಗುತ್ತದೆ. ನಮ್ಮ ಓಣಿಯಲ್ಲಿ ಆ ರೋಗ ಇರುವವನು ನಾನೊಬ್ಬನೇ. ಮರುದಿನದಿಂದ ನಮ್ಮ ಕಟ್ಟೆಯ ಮೇಲೆ ಯಾರೂ ಬಂದು ಕೂತಿಲ್ಲ.

ನಾನು ಬಳ್ಳಾರಿ–ಸಿರುಗುಪ್ಪ ಬಸ್ಸಿನ ಡ್ರೈವರ್ ಆಗಿದ್ದವನು. ಒಂದು ಕೈ ಸ್ಟೇರಿಂಗಿಗೆ, ಇನ್ನೊಂದು ಬೀಡಿಗೆ. ಬೆಂಗಳೂರಿನ ವೈದ್ಯರೊಬ್ಬರು ನನ್ನ ಕಸುಬು ಕೇಳಿಕೊಂಡು ಅದರ ಮಾತಿನಲ್ಲೇ ತಿಳಿಸಿದರು: ಜೀವಕೋಶ ಮಿತಿಮೀರಿ ಬೆಳೆಯದಂತೆ ತಡೆಯುವ ವಂಶವಾಹಿಗಳಿವೆಯಂತೆ, ಬ್ರೇಕಿನ ಹಾಗೆ. ವಿಜ್ಞಾನಿಗಳು ಈಗೀಗ ಅವನ್ನು ಪತ್ತೆಹಚ್ಚುತ್ತಿದ್ದಾರೆ. ಬೀಡಿಯ ಹೊಗೆ ಆ ಬ್ರೇಕನ್ನು ಕೆಡಿಸುತ್ತದೆ; ಕೋಶ ತಡೆಯಿಲ್ಲದೆ ಬೆಳೆದು ಗಡ್ಡೆಯಾಗುತ್ತದೆ. "ಕೆಟ್ಟಿರುವುದು ನಿಮ್ಮ ಎದೆಯೊಳಗಿನ ಕೋಶಗಳಲ್ಲಿ. ಆ ಕೆಡುಕು ಮಕ್ಕಳಿಗೆ ಇಳಿಯುವುದಿಲ್ಲ" ಎಂದರು. ಇಷ್ಟು ಹೇಳಲು ಅವರಿಗೆ ಮೈಕು ಬೇಕಾಗಲಿಲ್ಲ.

ಬೀಗರು ಹಿಂದೆ ಸರಿದರೆಂದು ತಿಳಿಯಬೇಡಿ. ದೇಶನೂರಿನ ಬೀಗಿತ್ತಿ ಹೊನ್ನೂರಮ್ಮ ತಾವಾಗಿಯೇ ಬಂದು, "ಯಾರಿಗೆ ಏನ್ ಬರ್ತೈತೋ ಯಾರಿಗ್ಗೊತ್ರಿ? ನಮಗ ಹುಡುಗಿ ಬೇಕು" ಎಂದರು. ಒಲ್ಲೆನೆಂದವಳು ನನ್ನ ಮಗಳು ಗುರುಬಸಮ್ಮ. "ನನ್ನ ಹೊಟ್ಟ್ಯಾಗ ಹುಟ್ಟೋ ಕೂಸಿಗೆ ಈ ಕೆಮ್ಮು ಕೊಡಾಕ ನಾ ಒಲ್ಲೆ" ಎಂದಳು. ವೈದ್ಯರ ಮಾತು ಹೇಳಿದೆ. "ನೀ ಅಪ್ಪ, ಹಂಗ ಹೇಳಾವನ. ಸಾಹೇಬ್ರು ಸುಳ್ಳು ಹೇಳ್ತಾರೇನು?" ಅಂದಳು. ಸರಕಾರವನ್ನು ಇಷ್ಟು ನಂಬುವ ಪ್ರಜೆ ನಿಮಗೆ ಜಿಲ್ಲೆಯಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ. ಅಭಿನಂದನೆಗಳು.

ಮನೆಯಲ್ಲಿ ಇರುವವರು ನಾವಿಬ್ಬರೇ. ನಾನು ಕೆಮ್ಮಿದಾಗಲೆಲ್ಲ ಅವಳು ತನ್ನ ಎದೆ ಮುಟ್ಟಿ ನೋಡಿಕೊಳ್ಳುತ್ತಾಳೆ. ಅದನ್ನು ನೋಡಲಾರದೆ ಹಿತ್ತಲಿಗೆ ಹೋಗಿ ಕೆಮ್ಮುತ್ತೇನೆ. ಊರು ದೂರವಾದದ್ದನ್ನು ತಡೆದುಕೊಂಡೆ, ಇದನ್ನು ತಡೆಯಲು ಆಗುತ್ತಿಲ್ಲ.

ನನಗೆ ಔಷಧ ಬೇಡ, ಪರಿಹಾರ ಬೇಡ, ಕ್ಷಮೆಯೂ ಬೇಡ. ಕುರುಗೋಡಿಗೆ ಇನ್ನೊಮ್ಮೆ ಬನ್ನಿ. ಸಭೆ ಸೇರಿಸಬೇಕಿಲ್ಲ, ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವಳ ರಕ್ತದಲ್ಲಿ ಅಪ್ಪನ ಬೀಡಿ ಇಲ್ಲವೆಂದು ಅವಳೊಬ್ಬಳಿಗೆ ಹೇಳಿ. ನಾನು ಹೇಳಿಕೊಟ್ಟೆನೆಂದು ಅವಳಿಗೆ ಅನ್ನಿಸಬಾರದು. ನೀವು ಮಾತು ಮುಗಿಸುವವರೆಗೆ ನಾನು ಹೊರಗೆ ಕೂತಿರುತ್ತೇನೆ.

ಇಂತಿ,
ಮಗಳ ನಂಬಿಕೆಗೆ ಕಾದಿರುವ,
ಉಜ್ಜಿನಪ್ಪ
ಕುರುಗೋಡು, ಡಿಸೆಂಬರ್ ೧೯೮೯